ಹತ್ತಿಯ ಹೊಟ್ಟೆ

ಸಿಂಧನೂರು
14 ಜುಲೈ 2024

ದೋಸ್ತ ಬಂದೇಸಾಬ,

ಬಾಯಿಂದ ಬದುಕುವವನಿಗೆ ಕಿವಿ ಕೇಳಿಸದ ಗೆಳೆಯ ಸಿಕ್ಕರೆ ಹೀಗೇ ಆಗುತ್ತದೆ. ಫೋನಿನಲ್ಲಿ ಮುಗಿಯುವ ವಿಷಯಕ್ಕೆ ಎರಡು ಹಾಳೆ ಬರೆದು, ಬಟ್ಟೆಯ ಗಂಟಿನೊಳಗೆ ಇಟ್ಟು, ಮಸ್ಕಿ ಮೇಲೆ ಹೋಗುವ ಬಸ್ಸಿಗೆ ಹಾಕಬೇಕು. ಇಲ್ಲಿ ಗಂಜ್ ಮಾರುಕಟ್ಟೆಯಲ್ಲಿ ಭತ್ತದ ವ್ಯಾಪಾರ ಕುದುರಿಸುವ ನನ್ನ ಮಾತಿಗೆ ಕ್ವಿಂಟಲ್‌ಗೆ ಇಷ್ಟು ಅಂತ ದಲಾಲಿ ಕೊಡುತ್ತಾರೆ. ನಿನಗೆ ಮಾತ್ರ ಪುಕ್ಕಟೆ. ಮೇಲೆ ಗಂಟಿನ ಖರ್ಚೂ ನನ್ನದೇ.

ಗಂಟಿನಲ್ಲಿ ಎರಡು ಪ್ಯಾಂಟುಗಳಿವೆ. ಸೊಂಟದ ಗುಂಡಿ ಕೂಡುತ್ತಿಲ್ಲ. ಬಿಚ್ಚಿ ದೊಡ್ಡದು ಮಾಡು ಅಂತ ಬರೆಯಬೇಕೆಂದಿದ್ದೆ. ಈಗ ಬೇಡ, ಹಾಗೇ ಇಟ್ಟುಕೋ.

ಹೋದ ವಾರ ಮಹೇಶ್ವರಿ ತಲೆ ಸುತ್ತುತ್ತದೆ ಅಂದಳು. ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿ ಹೋದ ಮೇಲೆ ಅವಳ ತಲೆ ಸರಿಯಾಯಿತು, ನನ್ನನ್ನು ತೂಕದ ಯಂತ್ರ ಹತ್ತಿಸಿದರು. ಇಪ್ಪತ್ತೆರಡು ವರ್ಷ ಜನರಿಗೆ ಬೆಲೆ ಕಟ್ಟಿದವನನ್ನು ಹೆಂಡತಿ ಇಷ್ಟು ಸಲೀಸಾಗಿ ಹಳ್ಳಕ್ಕೆ ಕೆಡವಿದಳು. ಯಂತ್ರ ನೂರಾ ಇಪ್ಪತ್ತೊಂದು ತೋರಿಸಿತು. ಒಂದು ಚೀಲ ಭತ್ತಕ್ಕೆ ಎಪ್ಪತ್ತೈದು ಕೆಜಿ. ನಾನು ಒಂದೂವರೆ ಚೀಲ ದಾಟಿದ್ದೇನೆ. ರಕ್ತದಲ್ಲಿ ಸಕ್ಕರೆ, ಲಿವರ್‌ನಲ್ಲಿ ಕೊಬ್ಬು.

ಡಾಕ್ಟರಮ್ಮ ಒಳ್ಳೆಯವರು. ಬೈಯಲಿಲ್ಲ. ನನಗೆ ಸಾಲ ಇರುವುದನ್ನು ಮಹೇಶ್ವರಿ ಅವರಿಗೂ ಹೇಳಿಬಿಟ್ಟಿದ್ದಳು. ಎಷ್ಟು ವರ್ಷದಲ್ಲಿ ತೀರಿಸುತ್ತೀರಿ ಅಂತ ಕೇಳಿದರು. ಮೂರು ವರ್ಷ ಅಂದೆ. ಮೂರು ವರ್ಷ ದುಡಿಯುವ ಮೈ ಇದಲ್ಲ, ಮೊದಲು ಇದನ್ನು ಇಳಿಸಿ, ಆಮೇಲೆ ಅದನ್ನು ಅಂದರು. ಅನ್ನ ಒಂದು ಮುಷ್ಟಿ, ಪಲ್ಯ ತಟ್ಟೆಯ ಅರ್ಧ, ಸಕ್ಕರೆ ಬಂದ್, ದಿನಾ ನಡಿಗೆ.

ನನ್ನ ಲೆಕ್ಕ ನಿನಗೆ ಗೊತ್ತಿದೆ. ಭತ್ತ ಕೊಯ್ಯುವ ಮಷಿನ್ ತಂದೆ, ಎರಡು ಹಂಗಾಮು ಓಡಿಸಿದೆ, ಕೆಟ್ಟಿತು, ಅರ್ಧ ಬೆಲೆಗೆ ಮಾರಿದೆ. ಮಷಿನ್ ಹೋಯಿತು, ಹದಿಮೂರು ಲಕ್ಷ ಸಾಲ ಉಳಿಯಿತು. ಏಳು ಜನರ ಹತ್ತಿರ ಕೈಗಡ. ಒಬ್ಬರ ಹತ್ತಿರವೂ ಕಾಗದವಿಲ್ಲ, ನನ್ನ ಮುಖ ನೋಡಿ ಕೊಟ್ಟದ್ದು. ಮುಖ ಇರುವವರೆಗೆ ಸರಿ. ನಾನು ನಡುವೆ ಹೋದರೆ ಏಳೂ ಜನ ಮಹೇಶ್ವರಿಯ ಬಾಗಿಲಿಗೆ ಬರುತ್ತಾರೆ, ಮಗಳು ಪ್ರಿಯಾಂಕಾಳ ಓದು ನಿಲ್ಲುತ್ತದೆ. ಅವತ್ತು ದವಾಖಾನೆಯ ಬೆಂಚಿನ ಮೇಲೆ ಕೂತು ಮೊದಲ ಸಲ ಇದನ್ನು ಲೆಕ್ಕ ಹಾಕಿದೆ.

ಭಾಭಿಗೆ ಸಲಾಂ ಹೇಳು.

ನಿನ್ನ
ಬೀರಲಿಂಗ

⁂

ಲಿಂಗಸುಗೂರು
19 ಜುಲೈ 2024

ಬೀರಣ್ಣ,

ಗಂಟು ಮುಟ್ಟಿತು. ಪ್ಯಾಂಟು ಅಳೆದೆ, ಸೊಂಟ ನಲವತ್ತೆಂಟು. ಮಸ್ಕಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಚಡ್ಡಿ ಬದಲಿಸಿ ಹಾಕಿಕೊಳ್ಳುತ್ತಿದ್ದೆವು. ಈಗ ನಿನ್ನ ಒಂದು ಕಾಲಿನಲ್ಲಿ ನಾನು ಇಡೀ ಇಳಿಯುತ್ತೇನೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಾನು ಕಿವುಡನೇ ಹೊರತು ಕುರುಡನಲ್ಲ. ಅನ್ನ ಒಂದು ಮುಷ್ಟಿ, ಸಕ್ಕರೆ ಬಂದ್, ದಿನಾ ನಡಿಗೆ. ಇದನ್ನೆಲ್ಲ ಡಾಕ್ಟರ್ ಹೇಳಿದರೆ ಪಥ್ಯ, ಸಾಲ ಹೇಳಿದರೆ ಏನು ಅಂತ ನನಗೆ ಗೊತ್ತು. ನನ್ನ ಮುಂದೆ ಯಾಕೆ ಮುಚ್ಚುತ್ತೀ? ಮನೆಯಲ್ಲಿ ಕಾಳು ಕಡಿ ಇದೆಯೋ ಇಲ್ಲವೋ ನೇರ ಬರಿ.

ಲಾಲ್‌ಬೀ ಹತ್ತು ಸೇರು ಬಿಳಿ ಜೋಳ ಬೀಸಿಸಿ ಕಳಿಸಿದ್ದಾಳೆ. ರೊಟ್ಟಿಗೆ ಹಚ್ಚಿಕೊಳ್ಳಲು ಅಗಸಿ ಹಿಂಡಿ ಒಂದು ಡಬ್ಬಿ, ಒಣಗಿದ ಪುಂಡಿ ಸೊಪ್ಪು ಒಂದು ಚೀಲ. ನೀನು ಕುರಿ ಕಾಯುವವರ ಮಗ, ಇದೇ ಉಂಡು ಬೆಳೆದವನು. ಮರ್ಯಾದೆ ನೋಡಬೇಡ, ಉಣ್ಣು.

ಬಂದೇಸಾಬ

⁂

ಸಿಂಧನೂರು
1 ಸೆಪ್ಟೆಂಬರ್ 2024

ಬಂದೇಸಾಬ,

ನಿನ್ನ ಕಾಗದಕ್ಕೆ ಸಿಟ್ಟು ಬಂದು ಇಷ್ಟು ದಿನ ಬರೆಯಲಿಲ್ಲ. ಈ ಊರಿನಲ್ಲಿ ಅಕ್ಕಿಗೆ ಬರವೇ? ನನ್ನ ಮನೆಯಲ್ಲಿ ನಾಲ್ಕು ಚೀಲ ಸೋನಾ ಮಸೂರಿ ಬಿದ್ದಿದೆ. ಉಣ್ಣಲು ಇಲ್ಲದ್ದಕ್ಕೆ ಬಿಟ್ಟದ್ದಲ್ಲ, ಇದ್ದೂ ಬಿಟ್ಟದ್ದು. ಆ ಕಷ್ಟ ಬೇರೆ. ಹಾಗಂತ ಜೋಳವನ್ನು ತಿರುಗಿ ಕಳಿಸಲಿಲ್ಲ. ಅಷ್ಟು ಸಿಟ್ಟು ನನಗೆ ಗಿಟ್ಟುವುದಿಲ್ಲ.

ಈ ನಡುವೆ ಒಂದು ದಡ್ಡತನವನ್ನೂ ಮಾಡಿದೆ. ಇಲ್ಲಿ ಒಬ್ಬರು ಮಹಡಿ ಮೇಲೆ ತೂಕ ಇಳಿಸುವ ಪೌಡರ್ ಕ್ಲಬ್ ಇಟ್ಟಿದ್ದಾರೆ. ಬೆಳಿಗ್ಗೆ ಹಾಲಿನಲ್ಲಿ ಕಲಸಿ ಕುಡಿಯುವುದು, ಗೋಡೆಯ ಮೇಲೆ ಸೊರಗಿದವರ ಫೋಟೋ ನೋಡುವುದು, ಚಪ್ಪಾಳೆ ತಟ್ಟುವುದು. ತಿಂಗಳಿಗೆ ಆರೂವರೆ ಸಾವಿರ. ಕೈಯಲ್ಲಿ ಇರಲಿಲ್ಲ, ಉದ್ರಿ ಬರೆಸಿದೆ. ಮನೆಗೆ ಬಂದು ಮಹೇಶ್ವರಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಉಣ್ಣಾಕ ಸಾಲ ಮಾಡಿದವರನ್ನ ನೋಡೀನಿ, ಉಪವಾಸ ಇರಾಕ ಸಾಲ ಮಾಡಿದವರನ್ನ ಇವತ್ತ ನೋಡಿದೆ,” ಅಂದಳು. ಮರುದಿನ ಡಬ್ಬಿ ವಾಪಸ್ ಕೊಟ್ಟು ಬಂದೆ. ತೆರೆದದ್ದಕ್ಕೆ ಎಂಟುನೂರು ಹಿಡಿದರು.

ಅಂದಿನಿಂದ ಲಾಲ್‌ಬೀ ಭಾಭಿಯ ಜೋಳವೇ. ಎರಡು ರೊಟ್ಟಿ, ಹೆಸರುಕಾಳು ಇಲ್ಲವೇ ಪುಂಡಿ ಪಲ್ಯ, ಹಸಿ ಮೆಂತ್ಯ, ಸೌತೆಕಾಯಿ, ನೀರು ಮಜ್ಜಿಗೆ. ಮೊದಲಿನ ದಿನಗಳಲ್ಲಿ ಕೈ ತನ್ನಷ್ಟಕ್ಕೆ ತಾನೇ ಮೂರನೆಯ ರೊಟ್ಟಿಗೆ ಹೋಗುತ್ತಿತ್ತು. ಈಗ ಕೇಳಿ ಹೋಗುತ್ತದೆ.

ಕಷ್ಟ ಮನೆಯದಲ್ಲ, ಮಂದಿಯದು. ನನ್ನ ವ್ಯಾಪಾರವೇ ಊಟದ ಮೇಲೆ ನಿಂತದ್ದು. ನಿರಾಶ್ರಿತರ ಆರ್.ಎಚ್. ಕ್ಯಾಂಪಿಗೆ ಹೋದರೆ ಬಂಗಾಳಿ ಮನೆಗಳಲ್ಲಿ ಮೀನು ಅನ್ನ, ಮೇಲೆ ಹಾಲಿನ ಸಿಹಿ. ಆಂಧ್ರದವರ ಕ್ಯಾಂಪಿನಲ್ಲಿ ಪಪ್ಪು, ಗೋಂಗೂರ, ಬೆರಳು ಮುಳುಗುವಷ್ಟು ತುಪ್ಪ. ಉಣ್ಣದೆ ಎದ್ದರೆ ಭತ್ತ ಬೇರೆ ದಲಾಲಿಗೆ ಹೋಗುತ್ತದೆ. ಡಾಕ್ಟರ್ ಬೇಡ ಅಂದಿದ್ದಾರೆ ಅಂದೆ, ಇನ್ನೊಂದು ಸೌಟು ಹಾಕಿದರು. ಆಮೇಲೆ ದಾರಿ ಹೊಳೆಯಿತು. ಹರಕೆ ಇದೆ ಅಂದೆ. ತಟ್ಟೆ ಎತ್ತಿ, ಕೈ ಮುಗಿದು, ಎಳನೀರು ತಂದುಕೊಟ್ಟರು. ಈ ಸೀಮೆಯಲ್ಲಿ ಡಾಕ್ಟರ್ ಮಾತಿಗೆ ಮಾಫಿ ಇದೆ, ದೇವರ ಮಾತಿಗಿಲ್ಲ.

ಇನ್ನೊಂದು ಸಂಗತಿ. ಇದನ್ನು ಯಾರಿಗೂ ಹೇಳಿಲ್ಲ. ದಢೇಸುಗೂರಿನ ಕಡೆ ಬೈಕ್ ನಿಲ್ಲಿಸಿ ಕಾಲುವೆಯ ಏರಿ ಹಿಡಿದು ನಡೆಯುತ್ತೇನೆ. ಮೊದಲು ನಾಲ್ಕು ಹೆಜ್ಜೆಗೆ ತೇಕು, ಮೊಣಕಾಲು ನೋವು. ಹೋದ ವಾರ ಒಂದು ಬೆಳಿಗ್ಗೆ ತೇಕು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಿಂತೆ. ನಿಂತದ್ದಕ್ಕೆ ನೀರು ಕಂಡಿತು. ಇಪ್ಪತ್ತೆರಡು ವರ್ಷ ಈ ಏರಿಯ ಮೇಲೆ ಬೈಕ್ ಓಡಿಸಿದ್ದೇನೆ. ಕಾಲುವೆಗೆ ನೀರು ಬಂತೋ ಇಲ್ಲವೋ, ಎಷ್ಟು ಅಡಿ, ಎಕರೆಗೆ ಎಷ್ಟು ಚೀಲ, ಇಷ್ಟೇ ನೋಡಿದ್ದೆ. ಅವತ್ತು ನೀರು ಸದ್ದಿಲ್ಲದೆ ಹೋಗುತ್ತಿತ್ತು, ಅಷ್ಟು ದೊಡ್ಡದು, ಯಾರನ್ನೂ ಏನೂ ಕೇಳದೆ. ಎರಡೂ ಕಡೆ ನಾಟಿ ಹಾಕಿದ ಗದ್ದೆ ಹಸಿರಾಗುತ್ತ ಆಕಾಶದವರೆಗೆ ಹೋಗಿತ್ತು. ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು. ನಾನು ಬಾಯಿ ತೆರೆದು ನಿಂತಿದ್ದೆ, ಮಾತು ಬರಲಿಲ್ಲ. ಇದು ನನಗೆ ಎಂದೂ ಆದದ್ದಲ್ಲ.

ತೂಕ ನೂರಾ ಹನ್ನೆರಡು. ಹೋಟೆಲಿಗೆ, ಮಿರ್ಚಿ ಭಜಿಗೆ, ಚಹಾಕ್ಕೆ ಹೋಗುತ್ತಿದ್ದ ರೊಕ್ಕ ಸಾಲಕ್ಕೆ ಹೋಗುತ್ತಿದೆ. ಎರಡೂ ಒಟ್ಟಿಗೆ ಇಳಿಯುತ್ತಿವೆ. ಆ ಎರಡು ಪ್ಯಾಂಟುಗಳಲ್ಲಿ ಒಂದನ್ನು ಈಗ ಸಣ್ಣದು ಮಾಡು.

ಬೀರಲಿಂಗ

⁂

ಲಿಂಗಸುಗೂರು
10 ಅಕ್ಟೋಬರ್ 2024

ಬೀರಣ್ಣ,

ನೀನು ಮೊನ್ನೆ ಮಸ್ಕಿಗೆ ಬಂದು ಇಲ್ಲಿಗೂ ಬಂದು ಹೋದದ್ದು ಒಳ್ಳೆಯದಾಯಿತು. ಬಾಗಿಲಲ್ಲಿ ನಿಂತದ್ದು ಯಾರು ಅಂತ ಒಂದು ಗಳಿಗೆ ಗುರುತೇ ಹತ್ತಲಿಲ್ಲ. ಟೇಪ್ ಹಿಡಿದಾಗ ನಲವತ್ತಮೂರು ಬಂತು, ಎರಡನೆಯ ಸಲ ಹಿಡಿದೆ, ಅದೇ ಬಂತು. ಜುಲೈನಲ್ಲಿ ನಾನು ಬರೆದದ್ದನ್ನು ಮರೆತುಬಿಡು.

ನಲವತ್ತು ವರ್ಷ ಮಂದಿಯ ಮೈ ಅಳೆದಿದ್ದೇನೆ. ಮದುವೆಗೆ ಬರುವಾಗ ಇಪ್ಪತ್ತೆಂಟು, ಮಗುವಾದ ಮೇಲೆ ಮೂವತ್ತೆರಡು, ಅಂಗಡಿ ಇಟ್ಟ ಮೇಲೆ ಮೂವತ್ತೆಂಟು. ಟೇಪು ಮುಂದಕ್ಕೇ ಹೋಗುತ್ತದೆ. ತಾನಾಗಿ ಹಿಂದಕ್ಕೆ ಬಂದದ್ದನ್ನು ನಾನು ನೋಡಿದ್ದು ಇದೇ ಮೊದಲು.

ಹೀಗಾಗಿ ಆ ಎರಡನೆಯ ಪ್ಯಾಂಟನ್ನು ಸಣ್ಣದು ಮಾಡಲಿಲ್ಲ. ಅಂಗಡಿಯ ಮುಂದಿನ ಗೂಟಕ್ಕೆ ತೂಗು ಹಾಕಿದ್ದೇನೆ. ಬಂದವರೆಲ್ಲ ಕೇಳುತ್ತಾರೆ. ಇದು ಸಿಂಧನೂರು ಗಂಜ್‌ನ ನನ್ನ ದೋಸ್ತ ಬೀರಲಿಂಗನದು, ಈಗ ಇದರಲ್ಲಿ ಅವನಂಥವರು ಇಬ್ಬರು ಹಿಡಿಸುತ್ತಾರೆ ಅಂತ ಹೇಳುತ್ತೇನೆ. ನಿನ್ನೆ ನಿಮ್ಮ ಊರಿನ ಗೊಬ್ಬರದ ಲಾರಿಯವರು ಬಂದಿದ್ದರು. ಅವರಿಗೂ ತೋರಿಸಿದೆ. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

ಬಂದೇಸಾಬ

⁂

ಸಿಂಧನೂರು
24 ನವೆಂಬರ್ 2024

ಬಂದೇಸಾಬ,

ಇದನ್ನು ಓದಿದ ತಕ್ಷಣ ಕೆಲಸ ಶುರು ಮಾಡು. ನನಗೆ ನನ್ನ ಹೊಟ್ಟೆ ವಾಪಸ್ ಬೇಕು.

ತಮಾಷೆಯಲ್ಲ. ಮೊದಲು ಬಂದವನು ಗೊಬ್ಬರದ ಅಂಗಡಿಯ ಅಂಬಪ್ಪ, ಮೂರು ಲಕ್ಷ ಕೊಟ್ಟವನು. ಬಂದು ಕೂತ. ರೊಕ್ಕದ ಮಾತೇ ಎತ್ತಲಿಲ್ಲ. ಅಷ್ಟಕ್ಕೇ ನನಗೆ ಹೆದರಿಕೆಯಾಯಿತು. ಮನೆಯವರ ಆರೋಗ್ಯ ಕೇಳಿದ, ಮಗಳ ಓದು ಕೇಳಿದ, ಆಮೇಲೆ ಮೆಲ್ಲಗೆ, “ಬೀರಣ್ಣ, ಯಾವ ದವಾಖಾನಿಗೆ ತೋರಿಸಾಕತ್ತಿ? ನಮಗ ಹೇಳಿದ್ರ ಏನಾಗತೈತಿ?” ಅಂದ. ತೂಕ ಇಳಿಸುತ್ತಿದ್ದೇನೆ, ಸಕ್ಕರೆ ಹತೋಟಿಗೆ ಬಂದಿದೆ ಅಂತ ಬಿಡಿಸಿ ಹೇಳಿದೆ. ನಾನು ಹೇಳಿದಷ್ಟೂ ಅವನ ಮುಖ ಸಣ್ಣದಾಯಿತು.

ಗಂಜ್‌ನ ನಿಯಮ ನಿನಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಮನುಷ್ಯ ಸೊರಗಲು ಎರಡೇ ಕಾರಣ, ರೋಗ ಇಲ್ಲವೇ ದಿವಾಳಿ. ಹೊಟ್ಟೆ ಮುಂದೆ ಇದ್ದರೆ ಸಾಲ ಹುಟ್ಟಿಸುವ ಪತ ಹಿಂದೆ ಇದೆ ಅಂತ ಅರ್ಥ. ನನಗೆ ಐದು ಲಕ್ಷದವರೆಗೆ ಕಾಗದವಿಲ್ಲದೆ ಹುಟ್ಟಿದ್ದು ಈ ಹೊಟ್ಟೆಯ ಮೇಲೆಯೇ. ಈ ಹಂಗಾಮಿನಲ್ಲಿ ಎರಡು ಲಕ್ಷ ನಲವತ್ತು ಸಾವಿರ ತೀರಿಸಿದ್ದೇನೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತೆರಡು ಕೆಜಿ ಹೋದದ್ದು ಎಲ್ಲರಿಗೂ ಕಾಣುತ್ತದೆ.

ಅಂಬಪ್ಪ ಎದ್ದು ಹೋದ ಮೇಲೆ ಸಾಲ ಕೊಟ್ಟವರು ಒಬ್ಬೊಬ್ಬರೇ ಬರತೊಡಗಿದರು. ಹತ್ತಿ ಬೀಜದ ವ್ಯಾಪಾರಿಯಂತೂ ನೇರವಾಗಿಯೇ, “ಉಣ್ಣೋ ಯೋಗ್ಯತಾ ಇದ್ದಾಂವ ಯಾಕ ಉಪವಾಸ ಇರ್ತಾನ?” ಅಂದ. ಸಂಕ್ರಾಂತಿಗೆ ಮೊದಲು ಎಲ್ಲವೂ ಬೇಕಂತೆ. ಒಮ್ಮೆಲೇ ಕೊಡಬೇಕೆಂದರೆ ಮನೆ ಮಾರಬೇಕು. ಮನೆ ಮಾರಿದವನಿಗೆ ಯಾವ ರೈತ ಭತ್ತ ಒಪ್ಪಿಸುತ್ತಾನೆ? ಅಲ್ಲಿಗೆ ದಲಾಲಿ ಮುಗಿಯಿತು, ಬದುಕೂ ಮುಗಿಯಿತು.

ಇನ್ನು ದಸ್ತಗೀರ್‌ಸಾಬ್ ಒಬ್ಬರು ಉಳಿದಿದ್ದಾರೆ, ಮಸ್ಕಿಯ ಕುರಿ ವ್ಯಾಪಾರದ ಸಾಹುಕಾರರು. ಐದು ಲಕ್ಷ ಅವರದೇ. ಅವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಂದುಕೊಂಡಿದ್ದೇನೆ. ಡಿಸೆಂಬರ್ ಹದಿನೈದಕ್ಕೆ ಅವರ ಮೊಮ್ಮಗನ ಮದುವೆಯ ಊಟ, ಗಂಜ್‌ನ ಅರ್ಧ ಜನ ಅಲ್ಲಿರುತ್ತಾರೆ. ಅವತ್ತು ನಾನು ಹಳೆಯ ಬೀರಲಿಂಗನಾಗಿ ಬಾಗಿಲಲ್ಲಿ ಇಳಿಯಬೇಕು. ಒಳಗೆ ಹಾಕಿಕೊಳ್ಳಲು ಹತ್ತಿ ತುಂಬಿದ ಒಂದು ಬಂಡಿ, ತೋಳಿಲ್ಲದ ಒಳಂಗಿ, ಹೊಲಿ. ಮೇಲೆ ಸಡಿಲ ಜುಬ್ಬಾ, ಕೋಟು. ಹಳೆಯ ಅಳತೆ ನಿನ್ನ ಹತ್ತಿರವೇ ಇದೆ.

ಲಿಂಗಸುಗೂರಿನಲ್ಲಿ ಯಾರದೋ ಅಂಗಡಿಯ ಮುಂದೆ ನನ್ನ ಪ್ಯಾಂಟು ತೂಗುತ್ತಿದೆಯಂತೆ. ನೋಡಿದವರು ಇಲ್ಲಿ ಬಂದು ಹೇಳಿದರು, ಸತ್ತವರ ಬಟ್ಟೆಯ ಹಾಗಿತ್ತು ಅಂತ. ಯಾವ ಅಂಗಡಿಯೋ ನನಗೆ ಗೊತ್ತಿಲ್ಲ. ನಿನಗೆ ಗೊತ್ತಿದ್ದರೆ ಅವರಿಗೆ ಹೇಳು, ನನಗೇನೂ ಬೇಜಾರಿಲ್ಲ.

ಬೀರಲಿಂಗ

⁂

ಲಿಂಗಸುಗೂರು
30 ನವೆಂಬರ್ 2024

ಬೀರಣ್ಣ,

ಪ್ಯಾಂಟು ಇಳಿಸಿದ್ದೇನೆ.

ಬಂಡಿ ಗಂಟಿನಲ್ಲಿದೆ. ಗಾದಿಯ ಹತ್ತಿ ಬಡಿಸಿ ತುಂಬಿದ್ದೇನೆ, ಒಂದೂವರೆ ಕೆಜಿ. ಪದರು ಪದರಾಗಿ ಹೊಲಿದಿದ್ದೇನೆ, ಕೂತಾಗ ಮಡಚಿಕೊಳ್ಳುತ್ತದೆ, ನಿಂತಾಗ ಜಾರುವುದಿಲ್ಲ. ಬೆನ್ನಿಗೆ ಹತ್ತಿ ಹಾಕಿಲ್ಲ, ಬರೀ ಬಟ್ಟೆ. ಬೆನ್ನು ಯಾರು ನೋಡುತ್ತಾರೆ ಅಂದುಕೊಂಡೆ.

ಜೀವಮಾನದಲ್ಲಿ ಮಂದಿಯ ಹೊಟ್ಟೆ ಮುಚ್ಚುವುದಕ್ಕೆ ಹೊಲಿದಿದ್ದೇನೆ, ತೋರಿಸುವುದಕ್ಕೆ ಇದೇ ಮೊದಲು. ಲಾಲ್‌ಬೀ ನೋಡಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಅಂದಳು. ತುಟಿ ನೋಡಿ ತಿಳಿದುಕೊಂಡೆ. ಬರೆಯುವುದಿಲ್ಲ. ಹೊಲಿಯುವುದು ನನ್ನ ಕೆಲಸ, ಹಾಕಿಕೊಳ್ಳುವುದು ಬಿಡುವುದು ನಿನ್ನದು.

ಬಂದೇಸಾಬ

⁂

ಸಿಂಧನೂರು
17 ಡಿಸೆಂಬರ್ 2024

ಬಂದೇಸಾಬ,

ಮದುವೆಗೆ ಹೋಗಿ ಬಂದು ಎರಡು ದಿನವಾಯಿತು. ಇನ್ನೂ ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ. ಮಹೇಶ್ವರಿ ಹಣೆ ಮುಟ್ಟಿ ನೋಡುತ್ತಿದ್ದಾಳೆ.

ನಿನ್ನ ಕೈಗೆ ಸಲಾಂ. ಬಾಡಿಗೆ ಕಾರಿನಿಂದ ಇಳಿದಾಗ ಅಂಬಪ್ಪ ದೂರದಿಂದ ನೋಡಿ ಪಕ್ಕದವನಿಗೆ ಮೊಣಕೈ ತಿವಿದ. ಅವನ ಮುಖದಲ್ಲಿ ಮೂರು ಲಕ್ಷ ವಾಪಸ್ ಬಂದದ್ದು ಕಂಡಿತು. ನಾನು ಮೊದಲಿನ ಹಾಗೆ ಹೊಟ್ಟೆ ಮುಂದೆ, ಎದೆ ಹಿಂದೆ ಮಾಡಿ, ಕೈ ಬೀಸಿ ನಡೆದೆ.

ಬಾಗಿಲಲ್ಲಿ ದಸ್ತಗೀರ್‌ಸಾಬ್ ನಿಂತಿದ್ದರು. ಎಂಬತ್ತರ ಮುದುಕರು, ಬಿಳಿ ಗಡ್ಡ, ಕೋಲು ಇಲ್ಲ. ಬಂದವರನ್ನೆಲ್ಲ ಅಪ್ಪಿ ಒಳಗೆ ಕಳಿಸುತ್ತಿದ್ದರು. ನನ್ನನ್ನೂ ಅಪ್ಪಿದರು. ಎರಡೂ ಕೈ ನನ್ನ ಬೆನ್ನ ಮೇಲೆ ಬಂದವು, ನಿಂತವು. ಅಪ್ಪುಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಬಿಟ್ಟು, ಎಲ್ಲರಿಗೂ ಹೇಳಿದ ಹಾಗೆಯೇ ಊಟಕ್ಕೆ ಹೋಗು ಅಂದರು. ನಾನು ಗೆದ್ದೆ ಅಂದುಕೊಂಡೆ. ನೆಲಕ್ಕೆ ಹಾಸಿದ ದಸ್ತರಖಾನಿನ ಮೇಲೆ ಬಿರಿಯಾನಿ ಬಂತು. ಅಂಬಪ್ಪ ನೋಡುತ್ತಿದ್ದ. ಅವನಿಗಾಗಿ ಒಂದು ತಟ್ಟೆ ಉಂಡೆ. ನಿನಗೆ ಯಾಕೆ ಸುಳ್ಳು ಹೇಳಲಿ, ಅದರಲ್ಲಿ ಸ್ವಲ್ಪ ನನಗಾಗಿಯೂ ಉಂಡೆ.

ಕೈ ತೊಳೆಯುವಾಗ ದಸ್ತಗೀರ್‌ಸಾಬ್ ಹಿಂದೆ ಬಂದು ನಿಂತಿದ್ದರು. ಮನೆಯ ಹಿಂದಿನ ಕುರಿ ದೊಡ್ಡಿಗೆ ಕರೆದುಕೊಂಡು ಹೋದರು. ಇನ್ನೂರಕ್ಕೆ ಹತ್ತಿರ ಕುರಿಗಳಿದ್ದವು. ನಡುವೆ ನಡೆದು ಹೋಗುತ್ತ ಮಾತಾಡಿದರು, ಒಂದೊಂದರ ಬೆನ್ನ ಮೇಲೂ ಕೈ ಆಡಿಸುತ್ತ, ನೋಡದೆಯೇ.

“ಬೀರಪ್ಪ, ಸಂತಿಗೆ ತರೋ ಮುಂಚೆ ಕುರಿಗೆ ಉಪ್ಪು ನೆಕ್ಕಿಸಿ ನೀರು ಕುಡಿಸ್ತಾರ. ಹೊಟ್ಟಿ ಹಿಂಗ ಉಬ್ಬಿರ್ತೈತಿ. ಹೊಟ್ಟಿ ನೋಡಿ ಕೊಂಡಾಂವ ಮನಿ ಮುಟ್ಟೋದ್ರಾಗ ಕೆಡ್ತಾನ. ನಾ ಅರವತ್ತು ವರ್ಷ ಬೆನ್ನು ಮುಟ್ಟಿ ಕೊಂಡಾಂವ.”

ನನ್ನ ಮೈಯೆಲ್ಲ ಬೆವೆತು ಹತ್ತಿ ತೋಯತೊಡಗಿತು. ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ಸುಮ್ಮನಿರಿಸಿದರು. ಕೋಟಿನ ಕೆಳಗೆ ಕೈ ಹಾಕಿ, ಬೆನ್ನೆಲುಬಿನ ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ನಾಲ್ಕು ಬೆರಳು ಇಟ್ಟು ಒತ್ತಿದರು. ಮೇಲಿಂದ ಕೆಳಗೆ ಬಂದರು. ಕಣ್ಣು ಮುಚ್ಚಿದ್ದರು. ಬಂದೇಸಾಬ, ನನ್ನ ಅಪ್ಪ ಕುರಿಯನ್ನು ಹಾಗೆ ಮುಟ್ಟುತ್ತಿದ್ದ. ಅಪ್ಪ ಹೋದ ಮೇಲೆ ಆ ಕೈಯನ್ನು ನಾನು ಮತ್ತೆ ಕಂಡಿರಲಿಲ್ಲ. ನನ್ನ ಮೈಯ ಮೇಲೆಯೇ ಕಾಣುತ್ತೇನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

“ರೋಗದಾಗ ಸೊರಗಿದ ಬೆನ್ನು ಗರಗಸ ಇದ್ದಂಗ ಇರ್ತೈತಿ,” ಅಂದರು. “ಇದು ಗುಡ್ಡ ಹತ್ತಿ ಮೇದು ಬಂದ ಕುರಿ ಬೆನ್ನು. ಗಟ್ಟಿ ಆಗ್ಯಾದ.”

ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರಮ್ಮನಿಂದ ಹಿಡಿದು ಅಂಬಪ್ಪನವರೆಗೆ. ಸುದ್ದಿ ಅವರಿಗೆ ತಿಂಗಳ ಹಿಂದೆಯೇ ಮುಟ್ಟಿತ್ತಂತೆ. ಕೈಯಿಂದ ನೋಡುವವರೆಗೆ ನಂಬಬಾರದು ಅಂತ ಕಾದಿದ್ದರಂತೆ. ಆಮೇಲೆ ಹೇಳಿದರು: “ನನ್ನ ಐದು ಲಕ್ಷ ನಿನ್ನ ಹೊಟ್ಟಿಗೆ ಕೊಟ್ಟಿದ್ದಿಲ್ಲ. ಎರಡು ವರ್ಷದಾಗ ಕೊಡು. ಆದ್ರ ಶರತ್ತು ಐತಿ. ಇದನ್ನ ಬಿಚ್ಚಿ ಉಳಿದವರ ಮುಂದ ನಿಂದ್ರು. ನಾ ಬರಂಗಿಲ್ಲ. ನಾ ಬಂದ್ರ ಅವರು ನನ್ನ ಮಾತು ನಂಬ್ತಾರ, ನಿನ್ನ ನಂಬಂಗಿಲ್ಲ.”

ಅಲ್ಲಿಯೇ ದೊಡ್ಡಿಯಲ್ಲಿ ಬಂಡಿ ಬಿಚ್ಚಿದೆ. ಹಿಂದಿನ ಬಾಗಿಲಿಂದ ಬಸ್ ಸ್ಟ್ಯಾಂಡಿಗೆ ಹೊರಟೆ. ತಿರುಗಿ ನೋಡಿದಾಗ ನೀನು ಪದರು ಪದರಾಗಿ ಹೊಲಿದ ಹೊಟ್ಟೆಯ ಮೇಲೆ ಒಂದು ಮರಿ ಕಾಲು ಮಡಚಿ ಮಲಗಿತ್ತು.

ಇನ್ನು ಅವರನ್ನೆಲ್ಲ ಕರೆಯಬೇಕು. ಇಪ್ಪತ್ತೆರಡು ವರ್ಷ ಮಂದಿಯ ಮುಂದೆ ಮಾತಾಡಿದ್ದೇನೆ. ಏನು ಮಾತಾಡಬೇಕು ಅಂತ ತಿಳಿಯುತ್ತಿಲ್ಲ.

ಬೀರಲಿಂಗ

⁂

ಲಿಂಗಸುಗೂರು
20 ಡಿಸೆಂಬರ್ 2024

ಬೀರಣ್ಣ,

ಕಾಗದವನ್ನು ಲಾಲ್‌ಬೀಗೆ ಓದಿ ಹೇಳಿದೆ. ಅವಳು ಎರಡೂ ಕೈ ಎತ್ತಿ ದುವಾ ಮಾಡಿದಳು. ಬಂಡಿ ಹೊಲಿದ ದಿನ ಅವಳು ಅಂದದ್ದನ್ನು ಈಗ ಬರೆಯಬಹುದು. “ಇಷ್ಟು ಕಷ್ಟಪಟ್ಟು ಬದುಕಿದವನನ್ನ ಯಾಕ ಹತ್ತಿಯೊಳಗ ಹೂಳ್ತೀರಿ?” ಅಂದಿದ್ದಳು.

ಮಾತು ಹುಡುಕಬೇಡ. ಲೆಕ್ಕ ಹೇಳು, ಸುಮ್ಮನೆ ನಿಂತುಕೋ. ಕೇಳಿಸದೆಯೇ ನಾನು ಇಷ್ಟು ವರ್ಷ ಗಿರಾಕಿಗಳನ್ನು ಉಳಿಸಿಕೊಂಡಿದ್ದೇನೆ. ಸುಮ್ಮನಿರುವವನನ್ನು ಮಂದಿ ಸರಿಯಾಗಿ ನೋಡುತ್ತಾರೆ.

ಹೊಸ ಪ್ಯಾಂಟು ಕಳಿಸಿದ್ದೇನೆ, ನಲವತ್ತು. ಅಂಗಿಯನ್ನು ಒಳಗೆ ಸೇರಿಸಿ ಹಾಕು.

ಬಂದೇಸಾಬ

⁂

ಸಿಂಧನೂರು
5 ಜನವರಿ 2025

ಬಂದೇಸಾಬ,

ಕರೆದೆ. ನಿನ್ನೆ ಮಧ್ಯಾಹ್ನ, ಗಂಜ್‌ನಲ್ಲಿ, ಚೀಲ ತೂಗುವ ಕಾಂಟಾದ ಪಕ್ಕದ ಕಟ್ಟೆಯ ಮೇಲೆ. ಆರೂ ಜನ ಬಂದರು. ಇಷ್ಟು ದಿನ ಒಬ್ಬನ ಸಾಲ ಇನ್ನೊಬ್ಬನಿಗೆ ತಿಳಿಯದ ಹಾಗೆ ಆರು ಕಥೆ ಹೇಳಿ ನಡೆಸಿದ್ದೆ. ಎಲ್ಲರೂ ಒಂದೇ ಕಟ್ಟೆಯ ಮೇಲೆ ಕೂತದ್ದು ಇದೇ ಮೊದಲು. ಒಬ್ಬರನ್ನೊಬ್ಬರು ನೋಡಿ ನೀನೂ ಇದ್ದೀಯಾ ಅಂತ ಹುಬ್ಬೇರಿಸಿದರು.

ಅಂಗಿ ಸೇರಿಸಿ, ಬೆಲ್ಟ್ ಬಿಗಿದು ನಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರಿಗೆ ಎಷ್ಟು, ಎಷ್ಟು ಕೊಟ್ಟಾಗಿದೆ, ಒಟ್ಟು ಎಷ್ಟು ಉಳಿದಿದೆ. ಮದುವೆಯಲ್ಲಿ ನೀವು ನೋಡಿದ ಹೊಟ್ಟೆ ಹತ್ತಿಯದು ಅಂದೆ. ಅಂಬಪ್ಪನ ಕೆನ್ನೆ ಅದುರಿತು, ನಗಲಿಲ್ಲ. ಡಾಕ್ಟರಮ್ಮನ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ, ತೆಗೆಯಲಿಲ್ಲ. ಸಂಕ್ರಾಂತಿಗೆ ಎಲ್ಲವನ್ನೂ ಕೊಟ್ಟರೆ ನಾನು ಮುಗಿದೆ, ಬೆಳೆಗೆ ಇಷ್ಟರಂತೆ ತೆಗೆದುಕೊಂಡರೆ ನಾಲ್ಕು ಬೆಳೆಗೆ ನಿಮ್ಮದೆಲ್ಲ ಮುಗಿಯುತ್ತದೆ, ಅಷ್ಟು ದಿನ ಬದುಕಿರುವ ವ್ಯವಸ್ಥೆ ಮಾಡಿಕೊಂಡಿದ್ದೇನೆ, ನೋಡಿಕೊಳ್ಳಿ ಅಂದೆ. ಆಮೇಲೆ ನಿನ್ನ ಮಾತಿನಂತೆ ಸುಮ್ಮನೆ ನಿಂತೆ.

ನಿನಗೆ ದಿನವೂ ಹೀಗೇ ಇರುತ್ತದೇನೋ, ನನಗೆ ಕಿವಿ ಗುಂಯ್ ಅಂದಿತು. ಆರು ಜನ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. ಹತ್ತಿ ಬೀಜದವನು ಎದ್ದು ಒಂದು ಸುತ್ತು ಬಂದು ಹಿಂದಿನಿಂದಲೂ ನೋಡಿದ.

ಕಡೆಗೆ ಅಂಬಪ್ಪ ಬಾಯಿ ಬಿಟ್ಟ. “ಸಾಯೋ ಮನಷ್ಯಾ ನಾಕು ಬೆಳಿ ಮಾತು ಆಡಂಗಿಲ್ಲ,” ಅಂದ. “ಹ್ಞೂಂ ಅನ್ರಲೇ.”

ಒಬ್ಬೊಬ್ಬರೇ ಹ್ಞೂಂ ಅಂದರು. ಕಾಗದ ಬೇಕೇನು ಅಂತ ನಾನೇ ಕೇಳಿದೆ. ಬೇಡ ಅಂದರು.

ಮುಗಿಯಿತು, ಎಲ್ಲರೂ ಹೋಗುತ್ತಾರೆ ಅಂದುಕೊಂಡೆ. ಅಂಬಪ್ಪ ಹೋಗಲಿಲ್ಲ. ರೊಟ್ಟಿ ಎಷ್ಟು ಉಣ್ಣುತ್ತೀ, ಚಹಾ ಪೂರಾ ಬಿಟ್ಟೆಯಾ, ಮೊಣಕಾಲು ನೋವು ಹೋಯಿತಾ ಅಂತ ಮೆಲ್ಲಗೆ ಕೇಳಿದ. ಅವನಿಗೂ ಸಕ್ಕರೆ ಇದೆಯಂತೆ, ಐದು ವರ್ಷದಿಂದ, ಹೆಂಡತಿಗೂ ಹೇಳಿಲ್ಲವಂತೆ. ಗಂಜ್‌ನಲ್ಲಿ ಗೊತ್ತಾದರೆ ಏನಾಗುತ್ತದೆ ಅನ್ನುವುದು ನನಗಿಂತ ಚೆನ್ನಾಗಿ ಅವನಿಗೆ ಗೊತ್ತು. ಉಳಿದವರು ಎದ್ದವರು ಎದ್ದ ಹಾಗೇ ನಿಂತು ಕೇಳುತ್ತಿದ್ದರು.

ಅಂಬಪ್ಪ ಕಾಂಟಾದ ಹತ್ತಿರ ಹೋದ. ಚಪ್ಪಲಿ ಬಿಟ್ಟ, ಗುಡಿಯ ಮುಂದೆ ಬಿಡುವ ಹಾಗೆ, ಪಕ್ಕಕ್ಕೆ ಜೋಡಿಸಿ. ಫೋನು, ಕೀಲಿಯ ಗೊಂಚಲು ತೆಗೆದ. ಅಂಗಿಯ ಒಳಗಿನಿಂದ ರೊಕ್ಕದ ಚೀಲ ತೆಗೆದ, ಅವತ್ತಿನ ವಸೂಲಿಯೆಲ್ಲ ಅದರಲ್ಲಿತ್ತು, ದಪ್ಪಗಿತ್ತು. ಎಲ್ಲಿಡಲಿ ಅಂತ ಒಂದು ಗಳಿಗೆ ಸುತ್ತ ನೋಡಿ, ನನ್ನ ಕೈಗೆ ಕೊಟ್ಟ. ಕೊಟ್ಟು ಹತ್ತಿದ. ಹಮಾಲ ನಾಸೀರ್ ಬಗ್ಗಿ ನೋಡಿ ನೂರಾ ಒಂಬತ್ತು ಅಂದ.

ಹತ್ತಿ ಬೀಜದವನು ಚಪ್ಪಲಿ ಬಿಟ್ಟ. ಅವನೂ ತನ್ನ ಚೀಲ ನನಗೆ ಕೊಟ್ಟ. ಅವನ ಹಿಂದೆ ಇನ್ನೊಬ್ಬ ಆಗಲೇ ಜೇಬು ಖಾಲಿ ಮಾಡುತ್ತಿದ್ದ. ನಾನು ಚೀಲಗಳನ್ನು ಒಂದರ ಮೇಲೊಂದು ಜೋಡಿಸಿ ಹಿಡಿದಿದ್ದೆ, ಒಂದು ಬಿದ್ದರೂ ಬಗ್ಗಿ ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಆರನೆಯವನು ಹತ್ತುವ ಹೊತ್ತಿಗೆ ಅವರ ರೊಕ್ಕವನ್ನೆಲ್ಲ ಎರಡೂ ತೋಳುಗಳಲ್ಲಿ ಅವಚಿಕೊಂಡಿದ್ದೆ. ಒಬ್ಬನೂ ನನ್ನ ಕಡೆ ತಿರುಗಿ ನೋಡಲಿಲ್ಲ. ಎಲ್ಲರ ಕಣ್ಣೂ ಕಾಂಟಾದ ಮುಳ್ಳಿನ ಮೇಲಿತ್ತು.

ಬೀರಲಿಂಗ